ಬಂಗಡೆಗೊಂದು, ಕೋಳಿ ಸಾರಿಗೊಂದು: ಉತ್ತರ ಕನ್ನಡದ ಊಟಕ್ಕೆ ವೈನ್ ಆರಿಸುವ ಬಗೆ

ವೈನ್ ಪ್ರಿಯರು ಒಂದೆಡೆ ಸೇರಿದರೆ ತಾವು ಇತ್ತೀಚೆಗೆ ಮೆಚ್ಚಿದ ಬಾಟಲಿಯ ಹೆಸರನ್ನು ಉತ್ಸಾಹದಿಂದ ಹೇಳುತ್ತಾರೆ. ಆದರೆ ಅದರ ಜೊತೆ ಏನು ಉಂಡರು, ಎಷ್ಟು ತಂಪಾಗಿಸಿ ಕುಡಿದರು, ಅದು ಯಾವ ವರ್ಷದ ಕೊಯ್ಲಿನದು ಎಂಬುದನ್ನು ಹೇಳುವವರು ವಿರಳ. ಹೀಗಾಗಿ ಬೆಂಗಳೂರಿನ ಸ್ನೇಹಿತರು ಹೊಗಳಿದ ದುಬಾರಿ ಕೆಂಪು ವೈನನ್ನು ಕೊಂಡು, ಮುರುಗಲು ಹಾಕಿದ ಬಂಗಡೆ ಸಾರಿನೊಂದಿಗೆ ಕುಡಿದ ಕಾರವಾರದವರು, ಬಾಯಿ ಒಗರಾಗಿ ನಾಲಿಗೆಯ ಮೇಲೆ ಕಬ್ಬಿಣದ ರುಚಿ ಉಳಿದದ್ದನ್ನು ಕಂಡು, ವೈನ್ ತಮಗೆ ಹೇಳಿದ್ದಲ್ಲವೆಂದು ಕೈಬಿಡುತ್ತಾರೆ. ಆ ಬಾಟಲಿ ಕೆಟ್ಟದ್ದೇನೂ ಆಗಿರುವುದಿಲ್ಲ. ನಮ್ಮ ಮೀನು ಸಾರಿಗೆ ಹೊಂದುವಂಥದ್ದಾಗಿರಲಿಲ್ಲ, ಅಷ್ಟೇ.

ಕಾರವಾರ, ಅಂಕೋಲಾ, ಕುಮಟಾ, ಶಿರಸಿಯ ಅಂಗಡಿಗಳಲ್ಲಿ ಕೈಗೆ ಸಿಗುವ ವೈನುಗಳನ್ನು ಆರು ಬಗೆಗಳಾಗಿ ವಿಂಗಡಿಸಬಹುದು: ಬಿಳಿ ವೈನುಗಳಾದ ಶೆನಿನ್ ಬ್ಲಾಂ ಮತ್ತು ಸಾವಿನ್ಯೋನ್ ಬ್ಲಾಂ, ಗುಳ್ಳೆಯೇಳುವ ಸ್ಪಾರ್ಕ್ಲಿಂಗ್, ತಿಳಿಗೆಂಪಿನ ರೋಸೆ, ಕೆಂಪು ಮತ್ತು ಸಿಹಿ ವೈನ್. ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಉತ್ತರವಿಲ್ಲ. ನಮ್ಮ ಅಡುಗೆಗೆ, ನಮ್ಮ ಸೆಕೆಗೆ, ನಮ್ಮ ಜೇಬಿಗೆ ಯಾವುದು ಹೊಂದುತ್ತದೆ ಎಂಬುದಕ್ಕೆ ಮಾತ್ರ ಉತ್ತರ ಕೊಡಬಹುದು, ಮತ್ತು ಅದಕ್ಕೆ ಮೊದಲು ಅಳತೆಗೋಲುಗಳನ್ನು ನಿಗದಿ ಮಾಡಿಕೊಳ್ಳಬೇಕು.

ಮೊದಲು ನೋಡಬೇಕಾದವು

ಮೊದಲನೆಯದು ಹುಳಿ. ಕರಾವಳಿಯ ಅಡುಗೆಯಲ್ಲಿ ಮುರುಗಲು, ಹುಣಸೆ, ಬಿಂಬಲ, ಮಾವಿನಕಾಯಿ ಇವುಗಳಲ್ಲಿ ಒಂದಾದರೂ ಇಲ್ಲದ ಸಾರು ಅಪರೂಪ. ಘಟ್ಟದ ಮೇಲೆ ಅಪ್ಪೆಮಿಡಿಯ ಅಪ್ಪೆಹುಳಿ ಇದ್ದೇ ಇದೆ. ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆಯಿದ್ದರೆ ವೈನ್ ಸಪ್ಪೆಯಾಗಿ ತೋರುತ್ತದೆ, ಎಷ್ಟೇ ಬೆಲೆಯದಾದರೂ ನೀರಾಗಿ ಕಾಣುತ್ತದೆ. ಆದ್ದರಿಂದ ನಾವು ಹುಡುಕಬೇಕಾದದ್ದು ಹುಳಿ ಚುರುಕಾಗಿರುವ ವೈನನ್ನು.

ಎರಡನೆಯದು ಖಾರ. ಮೆಣಸಿನ ಉರಿಯನ್ನು ಮದ್ಯಾಂಶವೂ ಒಗರೂ ಹೆಚ್ಚಿಸುತ್ತವೆ, ತುಸು ಸಿಹಿ ಅದನ್ನು ತಣಿಸುತ್ತದೆ. ಬಾಟಲಿಯ ಚೀಟಿಯ ಮೇಲೆ ಮದ್ಯಾಂಶವನ್ನು ಮುದ್ರಿಸಿರುತ್ತಾರೆ, ಶೇ. 12ರ ಆಸುಪಾಸಿನದು ಖಾರದ ಊಟಕ್ಕೆ ಹಿತ, ಶೇ. 14ಕ್ಕೆ ಮುಟ್ಟಿದ್ದು ಅದೇ ಊಟವನ್ನು ಇನ್ನಷ್ಟು ಉರಿಯಾಗಿಸುತ್ತದೆ. ಮೂರನೆಯದು ಮೀನಿನ ಎಣ್ಣೆಯಂಶ. ಬಂಗಡೆ, ತಾರ್ಲೆಯಂಥ ಎಣ್ಣೆಮೀನುಗಳ ಕೊಬ್ಬಿನೊಂದಿಗೆ ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಕೂಡಿದಾಗ ಹಸಿ ಮೀನಿನ ಕವುಚು ವಾಸನೆ ಎದ್ದು ಬರುತ್ತದೆ. ಮೇಲೆ ಹೇಳಿದ ಕಾರವಾರದವರ ಬಾಯಿಗೆ ಒಗರಿನ ಜೊತೆ ಬಂದದ್ದು ಇದೇ. ಬಿಳಿ ವೈನುಗಳಲ್ಲಿ ಈ ಅಂಶ ಸಾಮಾನ್ಯವಾಗಿ ಕಡಿಮೆ.

ನಾಲ್ಕನೆಯದನ್ನು ಬಹಳ ಮಂದಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಕರಾವಳಿಯಲ್ಲಿ ಅದೇ ನಿರ್ಣಾಯಕ: ಬಾಟಲಿ ಎಷ್ಟು ದಿನ, ಎಂಥ ಜಾಗದಲ್ಲಿ ನಿಂತಿತ್ತು ಎಂಬುದು. ವೈನನ್ನು 12ರಿಂದ 15 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಬೆಳಕು ಬೀಳದಂತೆ ಇಡಬೇಕೆನ್ನುತ್ತಾರೆ. ಮಾರ್ಚಿನಿಂದ ಮೇ ತಿಂಗಳವರೆಗೆ ಕಾರವಾರದ ಹಗಲು ಮೂವತ್ತು ಡಿಗ್ರಿ ದಾಟಿ ನಿಂತಿರುವಾಗ, ಪಶ್ಚಿಮದ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಒಂದು ಬೇಸಿಗೆ ಕಳೆದ ಬಾಟಲಿ, ಅದರ ಮೇಲೆ ಯಾರ ಹೆಸರಿದ್ದರೂ, ಬೆಂದ ಹಣ್ಣಿನ ರುಚಿಯದಾಗಿರುತ್ತದೆ. ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಬಹುತೇಕ ಜನವರಿಯಿಂದ ಮಾರ್ಚ್ ನಡುವೆ ಮುಗಿಯುತ್ತದೆ. ಕೊಯ್ಲಿನ ವರ್ಷವನ್ನು ಮುಂಬದಿಯ ಚೀಟಿಯಲ್ಲಿ ನೋಡಿ, ಬಿಳಿ ಮತ್ತು ರೋಸೆ ಆದರೆ ಈ ವರ್ಷದ್ದು ಅಥವಾ ಹಿಂದಿನ ವರ್ಷದ್ದು ಮಾತ್ರ ಕೊಳ್ಳುವುದು ಒಳ್ಳೆಯದು. ಅಂಗಡಿಯವರು ಕಪಾಟಿನ ಬಾಟಲಿಯ ಬದಲು ಒಳಗಿನ ಪೆಟ್ಟಿಗೆಯಿಂದ ತೆಗೆದುಕೊಡಲು ಒಪ್ಪಿದರೆ ಅದನ್ನೇ ಕೇಳಬೇಕು. ಸಂಕೋಚಪಡುವಂಥದ್ದೇನೂ ಇಲ್ಲ, ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವವರು ನಾವು. ಬಿರಡೆ ಹಾಕಿದ ಬಾಟಲಿಯಲ್ಲಿ ಬಿರಡೆ ಸ್ವಲ್ಪ ಮೇಲೆದ್ದಿದ್ದರೆ ಅಥವಾ ಕತ್ತಿನ ಬಳಿ ಸೋರಿದ ಅಂಟು ಕಂಡರೆ ಅದು ಸೆಕೆಯಲ್ಲಿ ಬೆಂದಿರುವ ಲಕ್ಷಣ. ತಿರುಪು ಮುಚ್ಚಳವನ್ನು ಅಗ್ಗದ ಗುರುತೆಂದು ಕೆಲವರು ತಿಳಿದಿದ್ದಾರೆ. ಬೇಗ ಕುಡಿಯುವ ವೈನಿಗೆ, ಅದರಲ್ಲೂ ನಮ್ಮ ಹವೆಗೆ, ಅದೇ ಹೆಚ್ಚು ಭದ್ರ.

ಕೊನೆಯದು ಹಣ ಮತ್ತು ಕುಡಿಯುವವರ ಸಂಖ್ಯೆ. ಸುಂಕ ಬದಲಾದಂತೆ ಬೆಲೆಯೂ ಬದಲಾಗುವುದರಿಂದ ಇಲ್ಲಿ ಮೂರು ಅಂತಸ್ತುಗಳನ್ನು ಮಾತ್ರ ಹೇಳುತ್ತೇನೆ: ಸಾವಿರ ರೂಪಾಯಿಯ ಆಚೀಚಿನದು, ಅಲ್ಲಿಂದ ಎರಡು ಸಾವಿರದವರೆಗಿನದು, ಅದಕ್ಕೂ ಮೇಲಿನದು. 750 ಮಿಲಿಲೀಟರಿನ ಬಾಟಲಿಯಲ್ಲಿ 150 ಮಿಲಿಲೀಟರಿನ ಐದು ಲೋಟ ಬರುತ್ತದೆ. ಇಬ್ಬರೇ ಇರುವ ಮನೆಯಲ್ಲಿ ಬಾಟಲಿ ಒಂದೇ ಸಂಜೆಗೆ ಮುಗಿಯಬಾರದು, ಹಾಗಾಗಿ ತೆರೆದ ಮೇಲೆ ಎಷ್ಟು ದಿನ ಉಳಿಯುತ್ತದೆ ಎಂಬುದೂ ಬೆಲೆಯ ಭಾಗವೇ.

ಎರಡು ಬಿಳಿ ವೈನುಗಳು

ಶೆನಿನ್ ಬ್ಲಾಂ ಮೂಲತಃ ಫ್ರಾನ್ಸಿನ ಲುವಾರ್ ಕಣಿವೆಯ ತಳಿ. ಬಿಸಿ ಹವೆಯಲ್ಲಿ ಮಾಗಿದರೂ ಹುಳಿಯನ್ನು ಉಳಿಸಿಕೊಳ್ಳುವ ಗುಣ ಅದಕ್ಕಿರುವುದರಿಂದ ನಾಸಿಕದ ಬಯಲಿನಲ್ಲೂ ಅದು ಚೆನ್ನಾಗಿ ನೆಲೆಯೂರಿತು. 1999ರಲ್ಲಿ ರಾಜೀವ್ ಸಾಮಂತ್ ನಾಸಿಕದಲ್ಲಿ ಕಟ್ಟಿದ ಸುಲಾ ಸಂಸ್ಥೆ ಮೊದಲು ಹೊರತಂದ ವೈನುಗಳಲ್ಲಿ ಇದೂ ಒಂದು, ಮತ್ತು ಇಂದಿಗೂ ನಮ್ಮ ಜಿಲ್ಲೆಯ ಅಂಗಡಿಗಳಲ್ಲಿ ಬಿಳಿ ವೈನ್ ಕೇಳಿದರೆ ಮೊದಲು ಕೈಗೆ ಬರುವುದು ಅದೇ. ಸುಲಾದ ಶೆನಿನ್ ಬ್ಲಾಂನಲ್ಲಿ ತುಸು ಸಿಹಿ ಉಳಿಸಿರುತ್ತಾರೆ. ಸೋಲಾಪುರ ಜಿಲ್ಲೆಯ ಅಕಲೂಜಿನ ಫ್ರಾಟೆಲ್ಲಿಯದು ಅದಕ್ಕಿಂತ ಡ್ರೈ, ಅಂದರೆ ಸಿಹಿ ಕಡಿಮೆ. ವೈನ್ ಬಲ್ಲವರು ಸಿಹಿಯುಳ್ಳದ್ದನ್ನು ಕೀಳಾಗಿ ಕಾಣುವ ರೂಢಿಯಿದೆ. ಕೆಂಪು ಮೆಣಸು, ತೆಂಗಿನಕಾಯಿ ಅರೆದು ಮಾಡಿದ ಶೆಟ್ಲಿ (ಸೀಗಡಿ) ಸಾರಿನ ಮುಂದೆ ಆ ರೂಢಿಗೆ ಬೆಲೆ ಕೊಡಬೇಕಿಲ್ಲ: ಸಿಹಿ ಖಾರವನ್ನು ತಗ್ಗಿಸುತ್ತದೆ, ಹುಳಿ ಮುರುಗಲಿನ ಜೊತೆ ಸರಿಸಮನಾಗಿ ನಿಲ್ಲುತ್ತದೆ, ತೆಂಗಿನ ಹಾಲಿನ ಸ್ನಿಗ್ಧತೆಗೆ ವೈನಿನ ಹಣ್ಣಿನ ಪರಿಮಳ ಕೂಡಿಕೊಳ್ಳುತ್ತದೆ. ಬೆಲೆಯೂ ಮೊದಲ ಅಂತಸ್ತಿನದೇ. ತೊಡಕು ಒಂದೇ, ಸಾಕಷ್ಟು ತಂಪಿಲ್ಲದಿದ್ದರೆ ಆ ಸಿಹಿ ಬಾಯಿಗೆ ಅಂಟುತ್ತದೆ. 8ರಿಂದ 10 ಡಿಗ್ರಿಗೆ ಇಳಿಸದೆ ಬಡಿಸಬಾರದು, ಮತ್ತು ಬಡಿಸಿದ ಮೇಲೂ ಬಾಟಲಿಯನ್ನು ಐಸ್ ನೀರಿನ ಪಾತ್ರೆಯಲ್ಲೇ ಇಡಬೇಕು.

ಸಾವಿನ್ಯೋನ್ ಬ್ಲಾಂ ಬೇರೆಯದೇ ಸ್ವಭಾವದ್ದು. ಹಸಿ ಎಲೆ, ದೊಣ್ಣೆಮೆಣಸಿನಕಾಯಿ, ನಿಂಬೆಸಿಪ್ಪೆ ನೆನಪಿಸುವ ಅದರ ಘಾಟಿಗೆ ಪೈರಾಜಿನ್ ಎಂಬ ಸಂಯುಕ್ತಗಳು ಒಂದು ಕಾರಣ. ದೊಣ್ಣೆಮೆಣಸಿನಕಾಯಿಯ ವಾಸನೆಗೂ ಅವೇ ಕಾರಣ. ಆದ್ದರಿಂದ ಹಸಿಮೆಣಸು, ಕೊತ್ತಂಬರಿ ಸೊಪ್ಪಿನ ಹಸಿರು ಮಸಾಲೆಯ ಅಡುಗೆಗಳಿಗೆ ಅದು ಅತ್ಯುತ್ತಮ ಜೋಡಿ. ಅಘನಾಶಿನಿಯ ಅಳಿವೆಯಿಂದ ಬರುವ ಚಿಪ್ಪಿಯ ಸುಕ್ಕೆಗೆ, ಜುಮ್ಮನಕಾಯಿ ಹಾಕಿದ ಬಂಗಡೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ, ಏಕೆಂದರೆ ಜುಮ್ಮನಕಾಯಿಯ ಕಿತ್ತಳೆ ಸಿಪ್ಪೆಯಂಥ ಘಮವನ್ನು ಈ ವೈನ್ ಎತ್ತಿ ಹಿಡಿಯುತ್ತದೆಯೇ ಹೊರತು ಮುಚ್ಚುವುದಿಲ್ಲ. ಸುಲಾ, ಫ್ರಾಟೆಲ್ಲಿ, ನಮ್ಮ ರಾಜ್ಯದ ಗ್ರೋವರ್ ಜಂಪಾ ಎಲ್ಲರೂ ಇದನ್ನು ತಯಾರಿಸುತ್ತಾರೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟಗಳು ಸುಮಾರು 900 ಮೀಟರ್ ಎತ್ತರದಲ್ಲಿದ್ದು, ರಾತ್ರಿಯ ತಂಪು ದ್ರಾಕ್ಷಿಯ ಹುಳಿಯನ್ನು ಕಾಯುತ್ತದೆ.

ಇವೆರಡರ ನಡುವೆ ಆರಿಸುವಾಗ ಸಾರಿನ ಬಣ್ಣವನ್ನು ನೋಡಿದರೆ ಸಾಕು. ಬ್ಯಾಡಗಿ ಮೆಣಸಿನ ಕೆಂಪು ಸಾರಾದರೆ ಶೆನಿನ್, ಹಸಿರು ಮಸಾಲೆಯಾದರೆ ಸಾವಿನ್ಯೋನ್. ಖಾರ ವಿಪರೀತವಾದ ಮನೆಗಳಲ್ಲಿ ಮಾತ್ರ ಎರಡಕ್ಕೂ ಶೆನಿನ್ನೇ ಇರಲಿ. ಎರಡೂ ಫ್ರಿಜ್ಜಿನಲ್ಲಿ ಮುಚ್ಚಳ ಬಿಗಿದಿಟ್ಟರೆ ಮೂರು ದಿನ ಚೆನ್ನಾಗಿರುತ್ತವೆ. ವರ್ಷ ಕಳೆದಂತೆ ಸಾವಿನ್ಯೋನ್ ಬೇಗ ಮಂಕಾಗುತ್ತದೆ, ಹಾಗಾಗಿ ಹಳೆಯ ಕೊಯ್ಲಿನದು ರಿಯಾಯಿತಿಯಲ್ಲಿ ಸಿಕ್ಕರೂ ಬೇಡ.

ಗುಳ್ಳೆಯ ವೈನ್ ಮತ್ತು ರೋಸೆ

ರವೆ ಹಚ್ಚಿ ಹುರಿದ ಇಸವಣ, ನೊಗಲಿ, ಕರಿದ ಶೆಟ್ಲಿ ಇವುಗಳ ಮುಂದೆ ಸ್ಪಾರ್ಕ್ಲಿಂಗ್ ವೈನಿಗೆ ಸಾಟಿಯಿಲ್ಲ. ಗುಳ್ಳೆಯೂ ಹುಳಿಯೂ ಸೇರಿ ನಾಲಿಗೆಯ ಮೇಲಿನ ಎಣ್ಣೆಯನ್ನು ತೊಳೆದು ಮುಂದಿನ ತುತ್ತಿಗೆ ಸಿದ್ಧಗೊಳಿಸುತ್ತವೆ. ಸುಲಾ ಬ್ರೂಟ್, ನಾಸಿಕದ ದಿಂಡೋರಿಯಲ್ಲಿ ತಯಾರಾಗುವ ಶಾಂಡನ್ ಬ್ರೂಟ್, ಗ್ರೋವರ್ ಜಂಪಾದ ಸೊಯ್ರೆ ಬ್ರೂಟ್ ನಮ್ಮಲ್ಲಿ ಹೆಸರಾದವು; ಬ್ರೂಟ್ ಎಂದಿದ್ದರೆ ಸಿಹಿ ಬಹಳ ಕಡಿಮೆ ಎಂದರ್ಥ. ಬಾಟಲಿಯೊಳಗೇ ಎರಡನೆಯ ಸಲ ಹುದುಗಿಸಿ, ತಳದಲ್ಲಿ ಕೂರುವ ಯೀಸ್ಟಿನ ಗಸಿಯ ಜೊತೆ ತಿಂಗಳುಗಟ್ಟಲೆ ಇಟ್ಟು, ಆಮೇಲೆ ಗಸಿಯನ್ನು ಹೊರತೆಗೆಯುವ ಶ್ರಮದ ವಿಧಾನ ಇವುಗಳದಾದ್ದರಿಂದ ಬೆಲೆ ಎರಡನೆಯ ಅಂತಸ್ತಿಗೆ ಏರುತ್ತದೆ. ತೆರೆದರೆ ಮರುದಿನಕ್ಕೆ ಗುಳ್ಳೆ ಅರ್ಧ ಹೋಗಿರುತ್ತದೆ, ಅದಕ್ಕೆಂದೇ ಮಾಡಿದ ಬಿಗಿ ಮುಚ್ಚಳವಿಲ್ಲದೆ ಉಳಿಸುವಂತಿಲ್ಲ. ಇಬ್ಬರ ಊಟಕ್ಕೆ ಇದು ದುಂದು, ಐದಾರು ಮಂದಿಯ ಕೂಟಕ್ಕೆ ಲೆಕ್ಕ ಸರಿಹೋಗುತ್ತದೆ. 6ರಿಂದ 8 ಡಿಗ್ರಿಗೆ ತಂಪಾಗಿರಬೇಕು. ಬೆಚ್ಚಗಿನ ಬಾಟಲಿಯ ಒಳಗಿನ ಒತ್ತಡ ಹೆಚ್ಚಿ, ಬಿರಡೆ ಗುಂಡಿನಂತೆ ಹಾರುವ ಅಪಾಯವಿದೆ.

ಮೇಜಿನ ಮೇಲೆ ಒಂದು ಬದಿಗೆ ಮೀನು, ಇನ್ನೊಂದು ಬದಿಗೆ ಕೋಳಿ ಇದ್ದು ಒಂದೇ ಬಾಟಲಿ ತರುವುದಾದರೆ ರೋಸೆ ತನ್ನಿ. ಎರಡಕ್ಕೂ ನಡೆಯುತ್ತದೆ, ಎರಡಕ್ಕೂ ಅತ್ಯುತ್ತಮವಲ್ಲ.

ಕೆಂಪು ವೈನ್

ಹಣ ಹೆಚ್ಚು ವ್ಯರ್ಥವಾಗುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನಿಸಬೇಕು. ವೈನ್ ಎಂದರೆ ಕೆಂಪೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ, ಉಡುಗೊರೆ ಕೊಡುವವರೂ ಕೆಂಪನ್ನೇ ಕೊಡುತ್ತಾರೆ. ಕೆಂಪಿನ ಒಗರು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದಲೂ ಓಕ್ ಮರದ ಪೀಪಾಯಿಯಿಂದಲೂ ಬರುತ್ತದೆ. ಮಾಂಸದ ಕೊಬ್ಬು, ಪ್ರೋಟೀನು ಸಿಕ್ಕಾಗ ಅದು ಮೆತ್ತಗಾಗುತ್ತದೆ. ಬರಿಯ ಖಾರ, ಹುಳಿ ಸಿಕ್ಕಾಗ ಒರಟಾಗುತ್ತದೆ. ಹಾಗಾಗಿ ಅಂಕೋಲೆಯ ಕಡೆಯ ನಾಟಿ ಕೋಳಿ ಸಾರಿಗೆ, ಕುರಿ ಮಾಂಸದ ಸುಕ್ಕಕ್ಕೆ, ಗೋಡಂಬಿ ಹಾಕಿದ ದಪ್ಪ ಮಸಾಲೆಗೆ ಕೆಂಪು ಹೊಂದುತ್ತದೆ, ಮೀನಿಗೆ ಹೊಂದುವುದು ಅಪರೂಪ.

ಕೆಂಪಿನೊಳಗೂ ಆಯ್ಕೆಯಿದೆ. ಪೀಪಾಯಿಯ ಸ್ಪರ್ಶವಿಲ್ಲದ ಅಥವಾ ಹಗುರವಾಗಿರುವ ಶಿರಾಜ್ ದ್ರಾಕ್ಷಿಯ ವೈನ್ ಮೊದಲ ಅಂತಸ್ತಿನ ಬೆಲೆಗೇ ಸಿಗುತ್ತದೆ, ಅದರಲ್ಲಿ ಕಾಳುಮೆಣಸಿನ ಪರಿಮಳ ಸಹಜವಾಗಿಯೇ ಇರುವುದರಿಂದ ನಮ್ಮ ಕೋಳಿ ಮಸಾಲೆಗೆ ಒಗ್ಗುತ್ತದೆ. ಒಂದು ಮೆಟ್ಟಿಲು ಮೇಲೇರುವವರಿಗೆ ಗ್ರೋವರ್‌ನ ಲಾ ರಿಸರ್ವ್ ಸೂಚಿಸುತ್ತೇನೆ. ಕನ್ವಲ್ ಗ್ರೋವರ್ 1988ರಲ್ಲಿ ಆರಂಭಿಸಿದ ಈ ಸಂಸ್ಥೆಗೆ ಫ್ರಾನ್ಸಿನ ಬೋರ್ದೋದ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿದ್ದರು. ಕ್ಯಾಬರ್ನೆ ಸಾವಿನ್ಯೋನ್ ಮತ್ತು ಶಿರಾಜ್ ತಳಿಗಳು ಬೆರೆತ ಈ ವೈನ್ ಓಕ್ ಪೀಪಾಯಿಯಲ್ಲಿ ಪಳಗಿದ್ದರೂ ಒಗರು ಹದದಲ್ಲಿದೆ. ಸುಲಾದ ದಿಂಡೋರಿ ರಿಸರ್ವ್ ಶಿರಾಜ್‌ನಲ್ಲಿ ಮರದ ವಾಸನೆ ಇದಕ್ಕಿಂತ ಮುಂದು, ಅದನ್ನು ಇಷ್ಟಪಡುವವರು ಬಹಳ ಮಂದಿ ಇದ್ದಾರೆ, ನಾನು ಅವರಲ್ಲಿ ಒಬ್ಬನಲ್ಲ. ಮೇಲಿನ ಅಂತಸ್ತಿನಲ್ಲಿ ಸ್ಯಾಂಜಿಯೊವೆಸೆ ಮತ್ತು ಕ್ಯಾಬರ್ನೆ ಬೆರೆಸಿದ ಫ್ರಾಟೆಲ್ಲಿಯ ಸೆಟ್ಟೆ, ನಮ್ಮದೇ ಹಂಪಿಯ ಬೆಟ್ಟಸಾಲಿನ ಕೃಷ್ಮಾ ಎಸ್ಟೇಟಿನ ಕ್ಯಾಬರ್ನೆ ಇವೆ. ಇವೆರಡೂ ಗಂಭೀರ ವೈನುಗಳು; ಇವನ್ನು ಒಂದೆರಡು ವರ್ಷ ಇಟ್ಟು ಕುಡಿಯಬಹುದು, ಆದರೆ ಹವಾನಿಯಂತ್ರಿತ ಕಪಾಟಿಲ್ಲದ ಕಾರವಾರದ ಮನೆಯಲ್ಲಿ ಇಡುವ ಯೋಚನೆ ಬೇಡ, ಕೊಂಡ ತಿಂಗಳಲ್ಲೇ ತೆರೆಯುವುದು ಲೇಸು.

ಕೆಂಪನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಮನೆಗಳದು. ಅಲ್ಲಿ ಅದರ ಅರ್ಥ 16ರಿಂದ 18 ಡಿಗ್ರಿ. ನಮ್ಮಲ್ಲಿ ಬಡಿಸುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಮದ್ಯದ ಘಾಟು ಅಡಗಿ ಹಣ್ಣಿನ ರುಚಿ ಮೇಲೆ ಬರುತ್ತದೆ. ಈ ಒಂದು ಕ್ರಮದಿಂದ ಸಾಧಾರಣ ಬಾಟಲಿಯೂ ಎಷ್ಟೋ ಉತ್ತಮವಾಗುತ್ತದೆ.

ಸುಮಾರು 590 ಮೀಟರ್ ಎತ್ತರದ ಶಿರಸಿಯಲ್ಲಿ, ಚಳಿಗಾಲದ ರಾತ್ರಿಗಳಲ್ಲಿ, ಕೆಂಪಿಗೆ ಕರಾವಳಿಗಿಂತ ಹೆಚ್ಚು ನ್ಯಾಯ ಸಿಗುತ್ತದೆ. ಆ ಸೀಮೆಯ ಅನೇಕ ಮನೆಗಳಿಗೆ ಮದ್ಯ ಬರುವುದಿಲ್ಲ, ಅಂಥಲ್ಲಿಗೆ ಒಯ್ಯುವ ಮಾತೇ ಇಲ್ಲ. ಕುಡಿಯುವ ಸಸ್ಯಾಹಾರಿಗಳಿಗೆ ಹೇಳುವುದಾದರೆ, ಅಣಬೆಯ ಪಲ್ಯಕ್ಕೆ ಹಗುರ ಶಿರಾಜ್, ಹುಳಿ, ಬೆಲ್ಲ, ಮೆಣಸು ಮೂರೂ ಇರುವ ಪತ್ರೊಡೆಗೆ ತುಸು ಸಿಹಿಯ ಶೆನಿನ್, ಹಲಸಿನಕಾಯಿ ಹಪ್ಪಳಕ್ಕೆ ಬ್ರೂಟ್ ಸೊಗಸು. ಮಜ್ಜಿಗೆಯ ತಂಬುಳಿಗೆ ಯಾವ ವೈನೂ ಆಗದು. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಜೆಲಟಿನ್ ಅಥವಾ ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಬಳಸುವ ಪದ್ಧತಿಯೂ ಉಂಟು, ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಬಳಸುವುದೂ ಉಂಟು. ಕಟ್ಟುನಿಟ್ಟಾಗಿರುವವರು ಚೀಟಿಯಲ್ಲಿ ಸಸ್ಯಾಹಾರಿ ಅಥವಾ ವೀಗನ್ ಎಂದಿರುವುದನ್ನು ಮಾತ್ರ ಕೊಳ್ಳಬೇಕು.

ಗೋವೆಯ ಆಸೆ, ವಿದೇಶಿ ಬಾಟಲಿ

ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದರೆ ಗೋವೆ, ಅಲ್ಲಿ ಅದೇ ಬಾಟಲಿ ಅಗ್ಗ. ಈ ಆಸೆ ನಮ್ಮ ಊರಿನವರಿಗೆ ಮಾತ್ರ ಇರುವಂಥದ್ದು. ಆದರೆ ಗೋವೆಯಲ್ಲಿ ಮಾತ್ರ ಮಾರಾಟಕ್ಕೆ ಎಂದು ಮುದ್ರಿಸಿದ ಬಾಟಲಿಯನ್ನು ಪರವಾನಗಿಯಿಲ್ಲದೆ ಕರ್ನಾಟಕದೊಳಗೆ ತರುವುದು ಅಪರಾಧ, ಮಾಜಾಳಿಯ ತನಿಖಾ ಠಾಣೆಯಲ್ಲಿ ಅಬಕಾರಿಯವರು ವಾಹನಗಳನ್ನು ನೋಡುತ್ತಾರೆ. ಉಳಿಸುವ ಕೆಲವು ನೂರು ರೂಪಾಯಿಗೆ ಮೊಕದ್ದಮೆಯನ್ನು ಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ಗೋವೆಗೆ ಹೋದಾಗ ಅಲ್ಲಿಯೇ ಊಟದ ಜೊತೆ ಒಂದು ಲೋಟ ಕುಡಿದು ರುಚಿ ತಿಳಿದುಕೊಂಡು, ವಾಹನವನ್ನು ಕುಡಿಯದವರ ಕೈಗೆ ಕೊಟ್ಟು, ಬಾಟಲಿಯನ್ನು ಊರಿನಲ್ಲಿ ಕೊಳ್ಳುವುದೇ ಸರಿಯಾದ ದಾರಿ.

ವಿದೇಶಿ ವೈನುಗಳ ಮೇಲೆ ದೀರ್ಘಕಾಲದಿಂದ ಶೇ. 150ರ ಆಮದು ಸುಂಕವಿದ್ದದ್ದರಿಂದ, ಅವುಗಳ ನಾಡಿನಲ್ಲಿ ದಿನಬಳಕೆಯ ಬಾಟಲಿ ಎನಿಸಿಕೊಂಡದ್ದು ನಮ್ಮಲ್ಲಿ ಎರಡನೆಯ, ಮೂರನೆಯ ಅಂತಸ್ತಿಗೆ ಏರಿ ಕೂತಿದೆ. 2022ರಲ್ಲಿ ಆಸ್ಟ್ರೇಲಿಯದೊಂದಿಗೆ ಆದ ಒಪ್ಪಂದದಿಂದ ಅಲ್ಲಿನ ವೈನುಗಳಿಗೆ ಸುಂಕ ಹಂತಹಂತವಾಗಿ ಇಳಿಯುತ್ತಿದೆ. ಆದರೂ ಒಂದೇ ಬೆಲೆಗೆ ಆಮದು ಬಾಟಲಿ ಮತ್ತು ದೇಶೀ ಬಾಟಲಿ ಎದುರಾದರೆ ನಾನು ದೇಶೀಯದನ್ನೇ ಎತ್ತಿಕೊಳ್ಳುತ್ತೇನೆ: ಆ ಹಣದಲ್ಲಿ ಹೆಚ್ಚಿನ ಪಾಲು ವೈನಿಗೇ ಹೋಗಿರುತ್ತದೆ, ಬಾಟಲಿ ಹಡಗಿನಲ್ಲಿ, ಗೋದಾಮಿನಲ್ಲಿ ಬೆಂದಿರುವ ಸಾಧ್ಯತೆಯೂ ಕಡಿಮೆ.

ಸಿಹಿ ವೈನ್

ಪೋರ್ಟ್ ಎಂದು ಗೋವೆಯಲ್ಲೂ ನಮ್ಮಲ್ಲೂ ಕರೆಯುವ ಸಿಹಿ ಕೆಂಪು ವೈನಿಗೂ, ಪೋರ್ಚುಗಲ್ಲಿನ ದೌರೊ ಕಣಿವೆಯಲ್ಲಿ ದ್ರಾಕ್ಷಿಯ ಮದ್ಯಸಾರ ಬೆರೆಸಿ ಶೇ. 20ರ ಆಸುಪಾಸಿಗೆ ಬಲಪಡಿಸುವ ಅಸಲಿ ಪೋರ್ಟಿಗೂ ಹೆಸರಿನ ಹೊರತು ಸಂಬಂಧ ಕಡಿಮೆ. ನಮ್ಮ ರಾಜ್ಯದ ಇಂಥ ಸಿಹಿ ವೈನುಗಳಿಗೆ ಹೆಚ್ಚಾಗಿ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಬಳಸುತ್ತಾರೆ. ಬೆಲೆ ಎಲ್ಲಕ್ಕಿಂತ ಕಡಿಮೆ, ತೆರೆದ ಬಾಟಲಿ ಫ್ರಿಜ್ಜಿನಲ್ಲಿ ಉಳಿದವುಗಳಿಗಿಂತ ಹೆಚ್ಚು ದಿನ ಬಾಳುತ್ತದೆ, ಕ್ರಿಸ್ಮಸ್ಸಿನ ಕೇಕಿನ ಜೊತೆ ಚಿಕ್ಕ ಲೋಟದಲ್ಲಿ ಚೆನ್ನಾಗಿಯೇ ಇರುತ್ತದೆ. ಊಟದ ಜೊತೆ ಮಾತ್ರ ಬೇಡ. ಸಾರಿನ ರುಚಿಯನ್ನೆಲ್ಲ ಸಿಹಿ ನುಂಗುತ್ತದೆ. ಇದಕ್ಕೆ ಬದಲಾಗಿ ದ್ರಾಕ್ಷಿಯನ್ನು ಬಳ್ಳಿಯಲ್ಲೇ ಹೆಚ್ಚು ಮಾಗಿಸಿ ಮಾಡಿದ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂನಲ್ಲಿ ಸಿಹಿಯ ಜೊತೆ ಹುಳಿಯೂ ಇರುವುದರಿಂದ, ಶಿರಸಿಯ ತೊಡೆದೇವಿನೊಂದಿಗೆ, ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡ ಮಾವಿನೊಂದಿಗೆ ಅದನ್ನು ಪ್ರಯತ್ನಿಸಬಹುದು.

ಇನ್ನು ಅಂಗಡಿಯ ಮುಂದೆ ನಿಂತಾಗಿನ ತೀರ್ಮಾನ. ಮೊದಲ ಬಾರಿಗೆ ಕೊಳ್ಳುವವರು, ತಿಂಗಳಿಗೊಮ್ಮೆ ಇಬ್ಬರೇ ಕುಡಿಯುವವರು, ಮನೆಯಲ್ಲಿ ಮೀನೇ ಹೆಚ್ಚೆಂಬವರು ಹೊಸ ಕೊಯ್ಲಿನ, ತಿರುಪು ಮುಚ್ಚಳದ ಶೆನಿನ್ ಕೊಳ್ಳಲಿ, ಸಾವಿರದ ಮೇಲೆ ಖರ್ಚು ಮಾಡುವ ಅಗತ್ಯ ಅವರಿಗಿಲ್ಲ. ಎರಡು ಸಾವಿರ ಕೈಯಲ್ಲಿದ್ದು ನೆಂಟರು ಬರುವವರಿದ್ದರೆ ಒಂದು ದುಬಾರಿ ಕೆಂಪಿಗಿಂತ ಒಂದು ಸಾವಿನ್ಯೋನ್, ಒಂದು ಹಗುರ ಶಿರಾಜ್ ಹೀಗೆ ಎರಡು ಬಾಟಲಿ ತರುವುದು ಮೇಲು. ಹುರಿದ ಮೀನೇ ಮುಖ್ಯವಾದ ಕೂಟವಾದರೆ ಅದೇ ಹಣ ಬ್ರೂಟಿಗೆ ಹೋಗಲಿ. ಮೂರನೆಯ ಅಂತಸ್ತಿನ ಕೆಂಪನ್ನು ಕೊಳ್ಳುವವರು ಮೊದಲು ಅಡುಗೆ ಮನೆಯಲ್ಲಿ ಮಾಂಸವಿದೆಯೇ, ಅಂಗಡಿಯಲ್ಲಿ ಬಾಟಲಿ ತಂಪಿನಲ್ಲಿತ್ತೇ ಎಂದು ಕೇಳಿಕೊಳ್ಳಬೇಕು. ಎರಡರಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ ಲಾ ರಿಸರ್ವ್‌ಗಿಂತ ಮೇಲೆ ಹೋಗಬೇಕಿಲ್ಲ.